ಈ ಟರ್ನ್ ಯಾರದು ಗುರು?

ಕ್ಯಾಮೆರಾ ಕಡೆ ನೋಡಬೇಡ ಅಂದರೂ ನೋಡುತ್ತಾನೆ ನೋಡಿ, ಇವನೇ ಮಂಜ. ತುಮಕೂರಿನಲ್ಲಿ ಇದು ನಮ್ಮ ರೂಮು. ನಾಲ್ಕು ಲ್ಯಾಪ್‌ಟಾಪು, ಒಂದೇ ಎಕ್ಸ್‌ಟೆನ್ಷನ್ ಬಾಕ್ಸು. ನಾವು ಮಾಡುತ್ತಿರುವ ಸ್ಟ್ರಾಟಜಿ ಗೇಮನ್ನು ಇವತ್ತು ಆಡಿ ನೋಡುತ್ತಿದ್ದೇವೆ. ಇನ್‌ಸ್ಟಾಲ್ ಮಾಡಿದ್ದನ್ನೆಲ್ಲ ಫಾಸ್ಟ್ ಆಗಿ ಓಡಿಸಿದ್ದೇನೆ, ಅದರಲ್ಲಿ ನೋಡೋದಕ್ಕೆ ಏನೂ ಇಲ್ಲ.

ಮೊದಲು ಒಬ್ಬರಾದ ಮೇಲೆ ಒಬ್ಬರು ಆಡುವ ಹಾಗೆ ಇಟ್ಟಿದ್ದೆವು. ಇಬ್ಬರಿಗೆ ಅದು ಚೆನ್ನ. ನಾಲ್ಕು ಜನ ಕೂತು ತಲೆಗೆ ಎರಡು ನಿಮಿಷ ಅಂದರೆ, ನಿಮ್ಮ ಸರದಿ ಮತ್ತೆ ಬರೋದಕ್ಕೆ ಆರು ನಿಮಿಷ. ಅಷ್ಟರಲ್ಲಿ ಎಲ್ಲರೂ ರೀಲ್ಸ್ ನೋಡುತ್ತಿರುತ್ತಾರೆ. ಅದಕ್ಕೇ ಎಲ್ಲರೂ ಒಟ್ಟಿಗೆ ಆಡುವ ಟರ್ನ್ ಹಾಕಿದೆವು, ಟೈಮರ್ 90 ಸೆಕೆಂಡು.

ಈಗ ಆ ನೀಲಿ ಕುದುರೆ ನೋಡಿ. ಮಂಜನದು. ಮೂವರೂ ಆಡಿ ಮುಗಿಸಿದ್ದೇವೆ, ಇವನು ಮಾತ್ರ ಮೌಸ್ ಹಿಡಿದುಕೊಂಡು ಸುಮ್ನೆ ಕೂತಿದ್ದಾನೆ. ಮೂರು, ಎರಡು... ಕೊನೇ ಸೆಕೆಂಡಿಗೆ ಕುದುರೆ ನನ್ನ ಕೋಟೆ ಪಕ್ಕಕ್ಕೆ ಬಂತು. ಟರ್ನ್ ಬದಲಾಯಿತು. ಏನಾಯಿತು ಅಂತ ನಾನು ನೋಡುವಷ್ಟರಲ್ಲಿ ಇನ್ನೊಂದು ಕ್ಲಿಕ್. ಕೋಟೆ ಹೋಯಿತು! ಎರಡು ಟರ್ನಿನ ನಡೆಯನ್ನು ಒಂದೇ ಉಸಿರಿಗೆ ಆಡಿಬಿಟ್ಟ, ನಡುವೆ ನನಗೆ ಒಂದು ಕಾಲಾಳು ಕದಲಿಸೋದಕ್ಕೂ ಜಾಗ ಇಲ್ಲ. ಮೋಸ ಅಲ್ವಾ ಅಂದರೆ 'ರೂಲ್ ಎಲ್ಲಿದೆ ತೋರ್ಸು ಗುರು' ಅನ್ನುತ್ತಾನೆ. ರೂಲ್ ಇಲ್ಲ, ಅದೇ ಹೊಟ್ಟೆ ಉರಿ. ಸಿವಿಲೈಸೇಶನ್ ಅನ್ನುವ ಕಂಪ್ಯೂಟರ್ ಗೇಮ್ ಆಡುವವರು ಇದನ್ನು ಡಬಲ್ ಮೂವ್ ಅನ್ನುತ್ತಾರೆ, ಹಳೇ ತಲೆನೋವು. ತಂತ್ರ ಅಂತ ಹೆಸರು, ಆಡುವುದು ಮಾತ್ರ ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ಆಟ. ನೆಟ್ ಸ್ಪೀಡ್ ಜಾಸ್ತಿ ಇದ್ದವನೇ ರಾಜ.

ಟರ್ನ್ ಶುರುವಾದ ಮೊದಲ ಹತ್ತು ಸೆಕೆಂಡು ದಾಳಿ ಬೇಡ ಅಂತ ಮಾಡಬಹುದು. ಆದರೆ ಅದು ತೇಪೆ ಹಾಕುವ ಕೆಲಸ, ಹನ್ನೊಂದನೇ ಸೆಕೆಂಡಿಗೆ ಮತ್ತೆ ಅದೇ ಜಗಳ.

ಇದು ಕ್ಯಾತ್ಸಂದ್ರದ ರಸ್ತೆ, ತಟ್ಟೆ ಇಡ್ಲಿ ತರೋದಕ್ಕೆ ಹೊರಟಿದ್ದೇವೆ. ಬೆಂಗಳೂರಿನಲ್ಲೂ ತಟ್ಟೆ ಇಡ್ಲಿ ಸಿಗುತ್ತದೆ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಎದ್ದು ಹೋಗುತ್ತೇನೆ. ಸರಿ, ಸಿಗ್ನಲ್ ಬಿಟ್ಟರು, ಆ ಜಗಳಕ್ಕೆ ಮದ್ದು ಏನು ಅಂತ ಬೇಗ ಹೇಳಿಬಿಡುತ್ತೇನೆ. 1959ರಲ್ಲಿ ಅಲನ್ ಕ್ಯಾಲ್ಹಾಮರ್ ಮಾರಾಟಕ್ಕೆ ತಂದ ಡಿಪ್ಲೊಮಸಿ ಅನ್ನುವ ಬೋರ್ಡ್ ಗೇಮ್ ಇದೆ. ಏಳು ಜನ ಗುಟ್ಟಾಗಿ ಚೀಟಿಯಲ್ಲಿ ಆರ್ಡರ್ ಬರೆಯುತ್ತಾರೆ, ಎಲ್ಲವನ್ನೂ ಒಟ್ಟಿಗೆ ಬಿಚ್ಚುತ್ತಾರೆ. ಯಾರು ಮೊದಲು ಬರೆದರು ಅನ್ನೋ ಪ್ರಶ್ನೆಯೇ ಇಲ್ಲ. ಸಮಬಲದ ಎರಡು ಸೈನ್ಯ ಒಂದೇ ಜಾಗಕ್ಕೆ ನುಗ್ಗಿದರೆ ಎರಡಕ್ಕೂ ಜಾಗ ಇಲ್ಲ, ಇದ್ದಲ್ಲೇ ಇರಬೇಕು. 2011ರ ಫ್ರೋಜನ್ ಸಿನಾಪ್ಸ್ ಅನ್ನುವ ಕಂಪ್ಯೂಟರ್ ಗೇಮ್ ಕೂಡ ಹೀಗೇ: ಇಬ್ಬರೂ ಪ್ಲಾನ್ ಹಾಕಿ ಒಪ್ಪಿಸಿದ ಮೇಲೆ ಐದು ಸೆಕೆಂಡಿನ ಗುಂಡಿನ ಕಾಳಗ ಓಡುತ್ತದೆ.

ಎಲ್ಲರೂ ಒಟ್ಟಿಗೆ ಕ್ಲಿಕ್ ಮಾಡುವ ಟರ್ನೇ ದರಿದ್ರ ಅನ್ನುವ ಹಾಗೆ ಆಗಲೇ ಬೈದೆ. ಅಷ್ಟೂ ಅಲ್ಲ ಬಿಡಿ, ಊರು ಕಟ್ಟುವಾಗ, ಹೊಲ ಮಾಡುವಾಗ ಯಾರು ಮೊದಲು ಕ್ಲಿಕ್ ಮಾಡಿದರೆ ಏನು? ಸಿವಿಲೈಸೇಶನ್ 5ರಲ್ಲಿ ಶಾಂತಿ ಇರುವಾಗ ಒಟ್ಟಿಗೆ, ಯುದ್ಧಕ್ಕೆ ಇಳಿದವರು ಮಾತ್ರ ಸರದಿಯಲ್ಲಿ ಅನ್ನುವ ಹೈಬ್ರಿಡ್ ಆಯ್ಕೆಯೂ ಇದೆ. ಆದರೂ ನಮ್ಮದಕ್ಕೆ ಗುಟ್ಟಿನ ಆರ್ಡರೇ ಸರಿ.

ಪಾರ್ಸೆಲ್ ಕೊಟ್ಟರು, ಇಲ್ಲಿಗೆ ನಿಲ್ಲಿಸುತ್ತೇನೆ. ಮಂಜ ಈಗ ಹೊಸ ತಕರಾರು ತೆಗೆದಿದ್ದಾನೆ: ಇಬ್ಬರು ಒಂದೇ ಜಾಗಕ್ಕೆ ನುಗ್ಗಿದರೆ ಕುದುರೆ ಗೆಲ್ಲಬೇಕಂತೆ. ಕುದುರೆ ಜಾಸ್ತಿ ಇರೋದು ಯಾರ ಹತ್ತಿರ ಅಂತ ಕೇಳಬೇಡಿ.