ಏಳು ವರ್ಷ ಅಂದರೆ ಏಳೇ ವರ್ಷ

ಎಲ್ಲರಿಗೂ ನಮಸ್ಕಾರ.

ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ 'ಗಾನ್ ವಿತ್ ದ ವಿಂಡ್' ಚಿತ್ರದ ಮೆಲನಿ ನೆನಪಾಗುತ್ತಾಳೆ. ಮೆದು ಮಾತು, ಯಾರ ಮನಸ್ಸನ್ನೂ ನೋಯಿಸದ ಹೆಣ್ಣು. ನನಗೂ ಆ ಮೆಲನಿ ಇಷ್ಟವೇ. ಆದರೆ ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಒಂದು ಕೋರ್ಟ್ ಕೇಸಿನ ಕಥೆ.

ಒಲಿವಿಯಾ ಹುಟ್ಟಿದ್ದು 1916ರಲ್ಲಿ, ಟೋಕಿಯೋದಲ್ಲಿ. ತಂದೆ ತಾಯಿ ಇಂಗ್ಲಿಷರು. ಇನ್ನೂ ಪುಟ್ಟ ಮಗುವಾಗಿದ್ದಾಗಲೇ ತಾಯಿ ಮತ್ತು ತಂಗಿಯ ಜೊತೆ ಕ್ಯಾಲಿಫೋರ್ನಿಯಾ ಸೇರಿದರು. ಆ ತಂಗಿಯೇ ಮುಂದೆ ಹೆಸರು ಮಾಡಿದ ನಟಿ ಜೋನ್ ಫಾಂಟೇನ್. ಹದಿನೆಂಟರ ವಯಸ್ಸಿಗೆ ಷೇಕ್ಸ್‌ಪಿಯರ್ ನಾಟಕವೊಂದರಲ್ಲಿ ಬದಲಿ ನಟಿಯಾಗಿದ್ದವರಿಗೆ ಅಚಾನಕ್ಕಾಗಿ ಪಾತ್ರ ಸಿಕ್ಕಿತು. ಅಲ್ಲಿಂದ ವಾರ್ನರ್ ಬ್ರದರ್ಸ್ ಸ್ಟುಡಿಯೋ. ನಟ ಎರಾಲ್ ಫ್ಲಿನ್ ಜೊತೆ ಎಂಟು ಚಿತ್ರ. ಜನ ಮುಗಿಬಿದ್ದು ನೋಡಿದರು.

ಆದರೆ ಪಾತ್ರಗಳು? ಹೀರೋ ಕತ್ತಿ ಬೀಸುತ್ತಾನೆ, ಇವರು ಕಾಯುತ್ತಾರೆ. ಬೇರೆ ಥರದ ಪಾತ್ರ ಬೇಕು ಅಂತ ಕೇಳಿದರು. ಕೊಟ್ಟದ್ದು ಬೇಡ ಅಂದಾಗಲೆಲ್ಲ ಸ್ಟುಡಿಯೋ ಸಸ್ಪೆಂಡ್ ಮಾಡುತ್ತಿತ್ತು. ಸಂಬಳ ನಿಂತರೆ ಸಹಿಸಿಕೊಳ್ಳಬಹುದಿತ್ತೇನೋ. ನಿಜವಾದ ಹಿಡಿತ ಇದ್ದದ್ದು ಬೇರೆ ಕಡೆ. ಸಸ್ಪೆಂಡ್ ಆದ ದಿನಗಳನ್ನು ಕಾಂಟ್ರಾಕ್ಟ್‌ನ ಕೊನೆಗೆ ಸೇರಿಸುತ್ತಿದ್ದರು. 1936ರ ಮೇ ತಿಂಗಳಲ್ಲಿ ಶುರುವಾದ ಏಳು ವರ್ಷದ ಕಾಂಟ್ರಾಕ್ಟ್ 1943ರಲ್ಲಿ ಮುಗಿಯಬೇಕಿತ್ತು. ಇನ್ನೂ 25 ವಾರ ಬಾಕಿ ಇದೆ ಅಂದರು. ಆ 25 ವಾರದಲ್ಲಿ ಇನ್ನೊಂದು ಪಾತ್ರ ಬೇಡ ಅಂದರೆ? ಮತ್ತೆ ಸಸ್ಪೆಂಡ್, ಮತ್ತಷ್ಟು ಬಾಕಿ. ಇದಕ್ಕೆ ಕೊನೆ ಎಲ್ಲಿ, ಅಲ್ವಾ?

ಮಾರ್ಟಿನ್ ಗ್ಯಾಂಗ್ ಅನ್ನುವ ವಕೀಲರು ಕ್ಯಾಲಿಫೋರ್ನಿಯಾದ ಹಳೆಯ ಕಾರ್ಮಿಕ ಕಾನೂನೊಂದನ್ನು ತೋರಿಸಿದರು. ಯಾರನ್ನೂ ಏಳು ವರ್ಷಕ್ಕಿಂತ ಜಾಸ್ತಿ ಒಂದೇ ಕರಾರಿಗೆ ಕಟ್ಟಿಹಾಕುವಂತಿಲ್ಲ ಅಂತ ಅದರಲ್ಲಿತ್ತು. ಹಾಗಾದರೆ ವರ್ಷ ಅಂದರೆ ಏನು? ದುಡಿದ ದಿನಗಳ ಲೆಕ್ಕವೋ, ಗೋಡೆ ಮೇಲಿನ ಕ್ಯಾಲೆಂಡರಿನ ಲೆಕ್ಕವೋ? ಇಡೀ ಕೇಸು ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

ಸ್ಟುಡಿಯೋ ಮೇಲೆ ಕೇಸು ಹಾಕಲು ಎಷ್ಟು ಧೈರ್ಯ ಬೇಕಿತ್ತು ಯೋಚನೆ ಮಾಡಿ. ಕೆಲವೇ ವರ್ಷ ಹಿಂದೆ ನಟಿ ಬೆಟ್ಟಿ ಡೇವಿಸ್ ಇದೇ ಸ್ಟುಡಿಯೋ ವಿರುದ್ಧ ಲಂಡನ್ ಕೋರ್ಟಿನಲ್ಲಿ ಸೋತು ವಾಪಸ್ ಬಂದಿದ್ದರು. ಒಲಿವಿಯಾಗೆ ಕೆಲಸ ಕೊಡಬೇಡಿ ಅಂತ ವಾರ್ನರ್ ಕಡೆಯಿಂದ ಉಳಿದ ಸ್ಟುಡಿಯೋಗಳಿಗೆ ಪತ್ರ ಹೋಯಿತು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ನಟಿಗೆ ತುಂಬ ಬೆಲೆಬಾಳುವ ಕಾಲ. ಆಗ ಸಿನಿಮಾ ಕೆಲಸವೇ ಇಲ್ಲ. ಅವರು ಸುಮ್ನೆ ಕೂರಲಿಲ್ಲ. ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಲು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡಿದರು.

1944ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಹೇಳಿತು: ಕ್ಯಾಲೆಂಡರಿನ ಏಳು ವರ್ಷವೇ ಲೆಕ್ಕ. ಆ ನಿಯಮವನ್ನು ಅಲ್ಲಿನವರು ಇವತ್ತಿಗೂ ಡಿ ಹ್ಯಾವಿಲೆಂಡ್ ಕಾನೂನು ಅಂತಲೇ ಕರೆಯುತ್ತಾರೆ.

ಆಮೇಲೆ ಬಂದ ಪಾತ್ರಗಳನ್ನು ನೋಡಿ. 1946ರ 'ಟು ಈಚ್ ಹಿಸ್ ಓನ್' ಚಿತ್ರಕ್ಕೆ ಆಸ್ಕರ್. 'ದ ಸ್ನೇಕ್ ಪಿಟ್'ನಲ್ಲಿ ಮಾನಸಿಕ ಆಸ್ಪತ್ರೆಯೊಳಗೆ ನರಳುವ ಹೆಣ್ಣು. 1949ರ 'ದ ಏರೆಸ್'ಗೆ ಇನ್ನೊಂದು ಆಸ್ಕರ್. ಮುಂದೆ ಪ್ಯಾರಿಸ್‌ನಲ್ಲೇ ನೆಲೆಸಿ, 2020ರಲ್ಲಿ 104ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

'ದ ಏರೆಸ್' ಚಿತ್ರದ ಕೊನೆಯನ್ನು ಮಾತ್ರ ದಯವಿಟ್ಟು ಒಮ್ಮೆ ನೋಡಿ. ಹಿಂದೆ ಮೋಸ ಮಾಡಿ ಹೋದವನು ಹೊರಗೆ ನಿಂತು ಬಾಗಿಲು ಬಡಿಯುತ್ತಿರುತ್ತಾನೆ. ಒಲಿವಿಯಾ ದೀಪ ಹಿಡಿದು, ಒಂದೂ ಮಾತಾಡದೆ, ಮೆಟ್ಟಿಲು ಹತ್ತುತ್ತಾರೆ. ಆ ಮುಖ ಮೆಲನಿಯದಲ್ಲ.