ಹೇಳದೇ ಬಿಟ್ಟ ಎರಡು ಮಾತು

ಕೇಳುಗರೇ, ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ನರ್ಸಾಗಿ ದುಡಿದವಳು. ಇವತ್ತು ನಾನೇ ಮಾಡಿದ ಒಂದು ತಪ್ಪಿನ ವಿಷಯ ಹೇಳುತ್ತೇನೆ.

ಶಿಡ್ಲಘಟ್ಟದ ಕಡೆಯ ಒಂದು ಊರು. ಮನೆಮನೆಯಲ್ಲೂ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡೋದು ಮುಗಿಸಿ ಎದ್ದಿದ್ದವು. ಆಗ ಸೊಪ್ಪು ಹಾಕೋದು ಬಿಟ್ಟು ಬೇರೆ ಯಾವುದಕ್ಕೂ ಪುರುಸೊತ್ತಿರಲ್ಲ. ಅಂಥದ್ದರಲ್ಲೂ ಎರಡು ಮಕ್ಕಳ ತಾಯಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. “ನರ್ಸಮ್ಮ, ಎರಡು ತಿಂಗಳಾಯ್ತು, ಮುಟ್ಟಾಗಿಲ್ಲ. ಕೆಟ್ಟ ರಕ್ತ ಹೊಟ್ಟೇಲಿ ಕಟ್ಕೊಂಡಿದೆ ಅಂತ ಅತ್ತೆ ಬೈತಾವ್ರೆ.”

ಅವಳಿಗೆ ಬಸುರಾಗದಂತೆ ತಡೆಯುವ ಅಂತರಾ ಚುಚ್ಚುಮದ್ದು ಕೊಟ್ಟಿದ್ದು ನಾನೇ. 3 ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಮದ್ದು ಅದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಹಾಕಿಸಿಕೊಂಡವರಿಗೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಗರ್ಭಕೋಶದ ಒಳಪದರ ತೆಳ್ಳಗಾಗಿರುತ್ತದೆ, ಹೋಗೋಕೆ ರಕ್ತವೇ ಇರಲ್ಲ. ಕಟ್ಟಿಕೊಳ್ಳೋದೆಲ್ಲಿ ಬಂತು? ಕೊನೆಯ ಸಲ ಹಾಕಿಸಿಕೊಂಡ ಮೇಲೆ ಮತ್ತೆ ಬಸುರಾಗೋಕೆ 7ರಿಂದ 10 ತಿಂಗಳು ಹಿಡಿಯಬಹುದು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಮದ್ದು ಕೊಟ್ಟ ದಿನ ಲಸಿಕೆಗೆ ಬಂದ ಕೂಸುಗಳು ಜಾಸ್ತಿ ಇದ್ದವು. ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದು, ಸುಮ್ನೆ ಕಳಿಸಿಬಿಟ್ಟಿದ್ದೆ.

ನಾವು ಕಲಿತಿದ್ದೇ ಹಾಗೆ ಅಲ್ವಾ? ನಾನು ಕೆಲಸಕ್ಕೆ ಸೇರಿದ್ದು ಟಾರ್ಗೆಟ್ ಕಾಲದಲ್ಲಿ. ಮಾರ್ಚ್ ಬಂತೆಂದರೆ ಮಕ್ಕಳಾಗದ ಆಪರೇಷನ್ ಇಷ್ಟು, ಬಸುರಾಗದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಥರದ ವಂಕಿ ಇಷ್ಟು ಅಂತ ಲೆಕ್ಕ ಒಪ್ಪಿಸಬೇಕಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಟಾರ್ಗೆಟ್ ತೆಗೆಯಿತು. ಅವಸರ ಹೋಗಲಿಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಕ್ಯಾಂಪಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡ 13 ಹೆಂಗಸರು ಸತ್ತರು. ಈ ಕ್ಯಾಂಪುಗಳನ್ನೇ 3 ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು.

ತಾಯಂದಿರೇ, ನೀವೂ ಕೇಳಿ. ಆಪರೇಷನ್‌ಗೆ ಗಂಡನ ಸಹಿ ಇರಲೇಬೇಕು ಅನ್ನೋ ನಿಯಮ ಇಲ್ಲ. ವಂಕಿ ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ತೆಗೆಸಬಹುದು. ಹಾಕುವಾಗಲೇ ಅದು 5 ವರ್ಷದ್ದೋ 10 ವರ್ಷದ್ದೋ ಅಂತ ಬರೆಸಿಕೊಳ್ಳಿ.

ಆ ಹುಡುಗಿಗೆ ಮೂತ್ರ ಪರೀಕ್ಷೆ ಮಾಡಿ, ಬಸುರಲ್ಲ ಅಂತ ತೋರಿಸಿದೆ. “ನಮ್ಮತ್ತೆಗೂ ಒಸಿ ಹೇಳಿ ಬನ್ನಿ” ಅಂದಳು. ಹುಳುಮನೆಗೆ ಹೋದೆ. ಆಯಮ್ಮ ಸೊಪ್ಪು ಹರಡುತ್ತಲೇ ಎಲ್ಲಾ ಕೇಳಿಸಿಕೊಂಡರು. ಆಮೇಲೆ ಸೊಸೆ ಆಚೆ ಹೋಗಲಿ ಅಂತ ಕಾದು, ಮೆಲ್ಲಗೆ ಕೇಳಿದರು. “ಕಿರಿಮಗ ಹುಟ್ಟಿದಾಗ ನಂಗೂ ವಂಕಿ ಹಾಕಿದ್ರು. ಯಾರೂ ತೆಗೀಲೇ ಇಲ್ಲ. ಅದು ಇನ್ನೂ ಒಳಗೇ ಐತಾ?”

ಕಿರಿಮಗನಿಗೆ ಆಗಲೇ ಮದುವೆಯಾಗಿತ್ತು. ನಾಳೆಯೇ ಆಸ್ಪತ್ರೆಗೆ ಬನ್ನಿ ಅಂದೆ. “ಹುಳು ಹಣ್ಣಾಗ್ಲಿ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಟ್ಟು ಬತ್ತೀನಿ” ಅಂದರು.

ಎಂಟು ದಿನ ಬಿಟ್ಟು ಬಂದರು, ಸೊಸೆಯ ಜೊತೆಯಲ್ಲೇ.