ಡಿಸ್ಕ್ ಹಂಚಿಕೆಗೆ ಕರ್ನಲ್ಲಿನ ಸಂರಚನಾ ಫೈಲ್‌ಸಿಸ್ಟಮ್

ಕೇಳುಗರಿಗೆ ನಮಸ್ಕಾರ. ಒಂದು ಯಂತ್ರದ ಡಿಸ್ಕನ್ನು ಜಾಲದ ಮೂಲಕ ಬೇರೆ ಯಂತ್ರಗಳಿಗೆ ಒದಗಿಸುವ ಕೆಲಸವನ್ನು ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ತಾನೇ ಮಾಡಬಲ್ಲದು. ಆದರೆ ಯಾವ ಡಿಸ್ಕು, ಯಾರಿಗೆ, ಯಾವ ವಿಳಾಸದಲ್ಲಿ ಎಂಬುದನ್ನು ಅದಕ್ಕೆ ನಾವು ತಿಳಿಸಬೇಕು. ಹಾಗೆ ತಿಳಿಸುವ ದಾರಿಯನ್ನು ರೂಪಿಸುವುದು ಹೇಗೆ ಎಂಬುದು ಇಂದಿನ ವಿಷಯ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕೆಂಬುದು ನನ್ನ ಆಸೆ.

ಕರ್ನಲ್ ತನ್ನಲ್ಲಿರುವ ಸಾಧನಗಳನ್ನು ಸಿಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನಲ್ಲಿ ಫೈಲು, ಡೈರೆಕ್ಟರಿಗಳಾಗಿ ತೋರಿಸುತ್ತದೆ. ಅಲ್ಲಿ ವಸ್ತುಗಳನ್ನು ಹುಟ್ಟಿಸುವುದು ಕರ್ನಲ್. ನಾವು ಓದುತ್ತೇವೆ, ಕೆಲವನ್ನು ತಿದ್ದುತ್ತೇವೆ. 2006ರಲ್ಲಿ ಲಿನಕ್ಸ್ 2.6.16ರೊಡನೆ ಬಂದ ಕಾನ್ಫಿಗ್‌ಎಫ್‌ಎಸ್ ಈ ಸಂಬಂಧವನ್ನು ತಿರುಗಿಸಿತು. ಇಲ್ಲಿ ನಾವು ಡೈರೆಕ್ಟರಿಯೊಂದನ್ನು ಸೃಷ್ಟಿಸಿದರೆ ಕರ್ನಲ್ಲಿನೊಳಗೆ ಒಂದು ವಸ್ತು ಹುಟ್ಟುತ್ತದೆ, ಅದರ ಗುಣಗಳೆಲ್ಲ ಫೈಲುಗಳಾಗಿ ತಾವೇ ಮೂಡುತ್ತವೆ, ಡೈರೆಕ್ಟರಿಯನ್ನು ಅಳಿಸಿದರೆ ವಸ್ತುವೂ ಹೋಗುತ್ತದೆ. ಪ್ರತ್ಯೇಕ ಉಪಕರಣವಿಲ್ಲದೆ, ಆಜ್ಞೆಗಳನ್ನು ಟೈಪಿಸುವ ಬರಿಯ ಶೆಲ್‌ನಿಂದಲೇ ಇಡೀ ವ್ಯವಸ್ಥೆಯನ್ನು ಕಟ್ಟಬಹುದು ಎಂಬುದು ಇದರ ದೊಡ್ಡ ಗುಣ.

ಕಷ್ಟವಿರುವುದು ಕ್ರಮದಲ್ಲಿ. ಒಂದು ಫೈಲಿನಲ್ಲಿ ಒಂದೇ ಮೌಲ್ಯವಿರಬೇಕು ಎಂಬುದು ಒಳ್ಳೆಯ ನಿಯಮವೇ, ಆದರೆ ನಾಲ್ಕು ಮೌಲ್ಯಗಳನ್ನು ನಾಲ್ಕು ಬಾರಿ ಬರೆಯುವಾಗ ನಡುವಿನ ಕ್ಷಣದಲ್ಲಿ ವಸ್ತು ಅರ್ಧ ಸಿದ್ಧವಾಗಿರುತ್ತದೆ. ಅವೆಲ್ಲವನ್ನೂ ಒಟ್ಟಿಗೆ ಜಾರಿಗೆ ತರುವ ಸೌಲಭ್ಯ ಕಾನ್ಫಿಗ್‌ಎಫ್‌ಎಸ್‌ನಲ್ಲಿಲ್ಲ. ಎನ್‌ವಿಎಂಇ ಎಂಬ ಡಿಸ್ಕ್ ನಿಯಮಾವಳಿಯಂತೆ ಡಿಸ್ಕನ್ನು ಜಾಲಕ್ಕೆ ಒದಗಿಸುವ ಕರ್ನಲ್ ಭಾಗವಾದ ಎನ್‌ವಿಎಂಇ ಟಾರ್ಗೆಟ್‌ನ ವಿನ್ಯಾಸಕಾರರು ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಮೆಚ್ಚುಗೆಯಾಗಿದೆ. ಪ್ರತಿ ನೇಮ್‌ಸ್ಪೇಸ್‌ಗೂ, ಅಂದರೆ ಹೊರಗೆ ಒದಗಿಸುವ ಪ್ರತಿ ಡಿಸ್ಕಿಗೂ, ಆ ಡಿಸ್ಕಿನ ದಾರಿಯನ್ನು ಬರೆಯುವ ಫೈಲೊಂದು, ಚಾಲನೆ ನೀಡುವ 'ಎನೇಬಲ್' ಎಂಬ ಫೈಲೊಂದು. ಕಾಲುವೆ ಹಸನಾಗುವ ಮೊದಲು ಸೂಳೆಕೆರೆಯ ತೂಬನ್ನು ಯಾರೂ ಎತ್ತುವುದಿಲ್ಲ. ಹಾಗೆಯೇ ಎಲ್ಲವನ್ನೂ ಬರೆದ ಮೇಲೆ ಕೊನೆಗೆ ಎನೇಬಲ್‌ನಲ್ಲಿ 1 ಎಂದು ಬರೆಯಬೇಕು. ಚಾಲನೆಯಲ್ಲಿರುವಾಗ ಡಿಸ್ಕಿನ ದಾರಿಯನ್ನು ಬದಲಿಸಹೊರಟರೆ ಕರ್ನಲ್ 'ಬ್ಯುಸಿ' ಎಂಬ ದೋಷ ಹೇಳಿ ನಿರಾಕರಿಸುತ್ತದೆ. ಬಳಕೆಯಲ್ಲಿರುವ ದತ್ತಾಂಶವನ್ನು ಕಾಯುವುದು ಈ ನಿರಾಕರಣೆಯೇ ಆದ್ದರಿಂದ, ಏನನ್ನು ಅನುಮತಿಸಬೇಕು ಎಂಬುದಕ್ಕಿಂತ ಯಾವ ಸ್ಥಿತಿಯಲ್ಲಿ ಏನನ್ನು ತಡೆಯಬೇಕು ಎಂಬುದನ್ನು ವಿನ್ಯಾಸಕಾರನು ಮೊದಲು ಬರೆದಿಟ್ಟುಕೊಳ್ಳಬೇಕು ಎಂದು ನಾನು ನಂಬುತ್ತೇನೆ.

ವಸ್ತುಗಳ ನಡುವಿನ ಸಂಬಂಧಕ್ಕೆ ಸಿಮ್‌ಲಿಂಕ್, ಅಂದರೆ ಒಂದು ಕಡೆಯಿಂದ ಇನ್ನೊಂದನ್ನು ತೋರಿಸುವ ಕೊಂಡಿ, ಇದೆ. ಯಾವ ಪೋರ್ಟಿನಿಂದ (ಜಾಲದ ವಿಳಾಸದಿಂದ) ಯಾವ ಸಬ್‌ಸಿಸ್ಟಮ್ (ನೇಮ್‌ಸ್ಪೇಸ್‌ಗಳ ಗುಂಪು) ಸಿಗಬೇಕೆಂಬುದನ್ನು ಒಂದು ಕೊಂಡಿಯೇ ಹೇಳುತ್ತದೆ, ಮತ್ತು ಆ ಕೊಂಡಿ ಇರುವತನಕ ಎರಡು ತುದಿಯ ಯಾವ ವಸ್ತುವನ್ನೂ ಅಳಿಸಲಾಗದು.

ಹೆಸರುಗಳ ಬಗ್ಗೆಯೂ ಎಚ್ಚರ ಬೇಕು. ಒಮ್ಮೆ ಬಿಡುಗಡೆಯಾದ ಫೈಲಿನ ಹೆಸರನ್ನೂ ಅರ್ಥವನ್ನೂ ಬಳಕೆದಾರರ ಸ್ಕ್ರಿಪ್ಟುಗಳು ನೆಚ್ಚಿಕೊಳ್ಳುತ್ತವೆ. ಅವು ಮುರಿಯುವಂಥ ಬದಲಾವಣೆಯನ್ನು ಲಿನಕ್ಸ್ ಸಮುದಾಯ ಒಪ್ಪುವುದಿಲ್ಲ.

ಈ ಸಂರಚನೆ ಇರುವುದು ಮೆಮೊರಿಯಲ್ಲಿ ಮಾತ್ರ. ಯಂತ್ರ ಮರುಪ್ರಾರಂಭವಾದರೆ ಏನೂ ಉಳಿಯದು. ಅದಕ್ಕಾಗಿ ಎನ್‌ವಿಎಂಇಟಿ‌ಸಿಎಲ್‌ಐ, ಟಾರ್ಗೆಟ್‌ಸಿಎಲ್‌ಐಯಂಥ ಉಪಕರಣಗಳು ಡೈರೆಕ್ಟರಿಗಳ ಇಡೀ ಮರವನ್ನು ಓದಿ ಜೇಸನ್ ಎಂಬ ಪಠ್ಯರೂಪದ ಫೈಲಿನಲ್ಲಿ ಉಳಿಸುತ್ತವೆ, ಬೂಟ್ ಆದಾಗ ಅದರಿಂದಲೇ ಮತ್ತೆ ಕಟ್ಟುತ್ತವೆ. ಹಾಗಾಗಿ ಫೈಲಿಗೆ ಯಾವ ರೂಪದಲ್ಲಿ ಮೌಲ್ಯವನ್ನು ಬರೆಯುತ್ತೇವೆಯೋ ಅದೇ ರೂಪದಲ್ಲಿ ಅದು ಓದಲು ಸಿಗಬೇಕು. ಬರೆಯಲು ಬಂದು ಓದಲು ಬಾರದ ಒಂದೇ ಒಂದು ಫೈಲಿದ್ದರೂ ಹಳೆಯ ಸಂರಚನೆ ಪೂರ್ತಿಯಾಗಿ ಮರಳುವುದಿಲ್ಲ.